ಧ್ಯಾನದ ಕ್ಲಾಸಿನಲ್ಲಿ ನಾವೆಲ್ಲ ನಿದ್ದೆ ಹೋದೆವು

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಆಸ್ಪತ್ರೆಯವರು ನರ್ಸುಗಳಿಗೆ ಧ್ಯಾನ ಕಲಿಸಿದರು. ಮೇ 12 ನರ್ಸುಗಳ ದಿನ. ಪ್ರತಿ ವರ್ಷ ಅವತ್ತು ಒಂದು ಕೇಕು, ಕೈಗೊಂದು ಮೇಣದ ಬತ್ತಿ, ಒಂದು ಗುಲಾಬಿ, ಒಂದು ಗ್ರೂಪ್ ಫೋಟೋ, ಅಲ್ಲಿಗೆ ಮುಗೀತು. ಆ ಸಲ ಮಾತ್ರ ಮುಕ್ಕಾಲು ಗಂಟೆಯ ಇನ್ನೊಂದು ಕಾರ್ಯಕ್ರಮ ಇತ್ತು. ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಬಿಳಿ ಜುಬ್ಬಾ, ತುಂಬ ಮೆತ್ತನೆಯ ದನಿ. ಮೇಲಿನ ಮಹಡಿಯ ಮೀಟಿಂಗ್ ಹಾಲಿನಲ್ಲಿ ಜಮಖಾನ ಹಾಸಿ, ಲೈಟ್ ಆರಿಸಿ, ಎಸಿ ಹಾಕಿ ನಮ್ಮನ್ನು ಕೂರಿಸಿದರು. ಬೆಳಿಗ್ಗೆ ಎಂಟೂವರೆ. ಅಂದರೆ ನೈಟ್ ಡ್ಯೂಟಿಯವರು ಆಗ ತಾನೇ ಡೇ ಡ್ಯೂಟಿಯವರಿಗೆ ರೋಗಿಗಳ ವಿವರ ಒಪ್ಪಿಸಿ ಹ್ಯಾಂಡ್‌ಓವರ್ ಕೊಟ್ಟು ಮುಗಿಸಿದ ಹೊತ್ತು. ಮನೆಗೆ ಹೋಗುವ ಹಾಗಿಲ್ಲ, ಹಾಜರಿಗೆ ಸಹಿ ಬೇಕು.

"ಕಣ್ಣು ಮುಚ್ಚಿ, ಉಸಿರನ್ನು ಗಮನಿಸಿ" ಎಂದರು. ಗಮನಿಸಿದೆ. ನಾಲ್ಕನೇ ಉಸಿರು ನೆನಪಿಲ್ಲ. ಎಚ್ಚರ ಆದಾಗ ನನ್ನ ತಲೆ ಪಕ್ಕದವಳ ಹೆಗಲ ಮೇಲಿತ್ತು, ಆಚೆ ಕಡೆ ನಮ್ಮ ಚೇಚಿ ಗೊರಕೆ ಹೊಡೆಯುತ್ತಿದ್ದರು. ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ. ಅವರು ಕೇರಳದವರು, ಇಪ್ಪತ್ತು ವರ್ಷದಿಂದ ಶಿವಮೊಗ್ಗದಲ್ಲಿದ್ದಾರೆ, ನಮ್ಮ ವಾರ್ಡಿನಲ್ಲಿ ಡಾಕ್ಟರಿಂದ ಹಿಡಿದು ಲಿಫ್ಟಿನವನವರೆಗೆ ಎಲ್ಲರಿಗೂ ಅವರು ಚೇಚಿಯೇ. ಜುಬ್ಬಾದವರಿಗೆ ಬೇಜಾರಾಗಲಿಲ್ಲ. "ನೋಡಿ, ಎಷ್ಟು ಆಳಕ್ಕೆ ಇಳಿದಿದ್ದಾರೆ!" ಎಂದು ಖುಷಿಯಿಂದ ಹೇಳಿದರು. ನಾವು ಮಲಗಿದ್ದ ಫೋಟೋ ಮಧ್ಯಾಹ್ನದೊಳಗೆ ಆಸ್ಪತ್ರೆಯ ಫೇಸ್‌ಬುಕ್ ಪೇಜಿಗೆ ಹೋಯಿತು. ನರ್ಸುಗಳ ಯೋಗಕ್ಷೇಮ ಅಂತ.

ಇದನ್ನು ಹೇಳಿಕೊಂಡು ನಾವು ಒಂದು ವಾರ ನಕ್ಕೆವು. ಆದರೆ ನಗು ಬರದ ಇನ್ನೊಂದು ವಿಷಯ ಇದೆ. ಡೇ ಡ್ಯೂಟಿಯವರಲ್ಲೂ ಇಬ್ಬರನ್ನು ಆ ಕ್ಲಾಸಿಗೆ ಕರೆದಿದ್ದರು. ಹಾಗಾಗಿ ಆ ಮುಕ್ಕಾಲು ಗಂಟೆ ಕೆಳಗೆ ವಾರ್ಡಿನಲ್ಲಿ 24 ಬೆಡ್ಡಿಗೆ ಒಬ್ಬಳೇ ಸಿಸ್ಟರ್. ಸೇರಿ ನಾಲ್ಕು ತಿಂಗಳಾಗಿತ್ತು ಆ ಹುಡುಗಿಗೆ. ಬೆಳಗಿನ ಇನ್ಸುಲಿನ್, ಆಂಟಿಬಯಾಟಿಕ್, ಎರಡು ಡಿಸ್ಚಾರ್ಜ್, ಓಟಿಗೆ ಹೋಗಬೇಕಾದ ಒಬ್ಬ ಪೇಷಂಟು, ಅದರ ನಡುವೆ ರೌಂಡ್ಸು. ನಾವು ಮೇಲೆ ಶಾಂತಿಯಿಂದ ಗೊರಕೆ ಹೊಡೆಯುವಾಗ ಅವಳು ಕೆಳಗೆ ಬೈಸಿಕೊಳ್ಳುತ್ತಿದ್ದಳು. ಆಮೇಲೆ ಲಿನನ್ ರೂಮಿಗೆ ಹೋಗಿ ಅತ್ತಳಂತೆ.

ಲಿನನ್ ರೂಮಿನ ಬಗ್ಗೆ ಹೇಳಬೇಕು. ಬೆಡ್‌ಶೀಟು, ಕಂಬಳಿ, ರಬ್ಬರ್ ಶೀಟು ಜೋಡಿಸಿಡುವ ಇಷ್ಟಗಲದ ಕೋಣೆ. ಡೆಟಾಲ್ ಮತ್ತು ಒಣಗದ ಬಟ್ಟೆಯ ವಾಸನೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ನಮಗೆ ಅಳಬೇಕು ಅಂದರೆ ಅದೇ, ಮನೆಗೆ ಫೋನು ಮಾಡಬೇಕು ಅಂದರೂ ಅದೇ. ರಂಜಾನ್ ತಿಂಗಳಲ್ಲಿ ನಮ್ಮ ಜೊತೆಯ ಒಬ್ಬಳು ನಮಾಜು ಮಾಡುವುದೂ ಅಲ್ಲೇ, ಚೇಚಿ ಜಪಸರ ತಿರುಗಿಸುವುದೂ ಅಲ್ಲೇ. ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ. ಅಳುವವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಅಳಬೇಕು. ನಮಾಜು ಮಾಡುವವಳಿಗೆ ಹಾಗೆ ನಿಲ್ಲಲು ಆಗಲ್ಲವಲ್ಲ, ಅವಳಿಗೆ ಹೊರಗೆ ಯಾರಾದರೂ ಕಾವಲು ನಿಲ್ಲುತ್ತೇವೆ.

ನಾನು ಹದಿನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಊರು ತೀರ್ಥಹಳ್ಳಿ ಕಡೆ. ಆಸ್ಪತ್ರೆಯ ಹೆಸರು ಬೇಡ, ನನ್ನ ಹೆಸರೂ ಬೇಡ. ನರ್ಸಿಂಗ್ ಡಿಪ್ಲೊಮಾ ಆಗಿ ಎಷ್ಟೋ ವರ್ಷದ ಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿಕೊಂಡೆ. ಆಗ ನನಗೆ ಸೆಮಿನಾರಿಗೆ ಬಂದ ವಿಷಯ ಕೆಲಸದ ಜಾಗದಲ್ಲಿ ಆಧ್ಯಾತ್ಮ. ನನ್ನ ಅದೃಷ್ಟ ನೋಡಿ, ಬೇರೆಯವರಿಗೆಲ್ಲ ಡಯಾಬಿಟಿಸ್, ಬೆಡ್ ಸೋರ್ ತರದ ಸಲೀಸಾದ ವಿಷಯ.

ಆಧ್ಯಾತ್ಮ ಅಂದ ಕೂಡಲೇ ನಮಗೆ ಮಠ, ಉಪವಾಸ, ಗಡ್ಡ ನೆನಪಾಗುತ್ತವೆ. ಅಲ್ಲಿ ಹೇಳುತ್ತಿದ್ದುದು ಅದಲ್ಲ. 2000ದಲ್ಲಿ ಆಶ್ಮೋಸ್ ಮತ್ತು ಡುಶೋನ್ ಎಂಬ ಇಬ್ಬರು ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದ್ದರು. ಅವರ ಪ್ರಕಾರ ಇದರಲ್ಲಿ ಮುಖ್ಯವಾಗಿ ಮೂರು ಸಂಗತಿ. ಮನುಷ್ಯನಿಗೆ ಒಳಗೊಂದು ಬದುಕಿದೆ, ಅದನ್ನು ಅವನು ಗೇಟಿನ ಹೊರಗೆ ಬಿಟ್ಟು ಕೆಲಸಕ್ಕೆ ಬರುವುದಿಲ್ಲ. ಮಾಡುವ ಕೆಲಸಕ್ಕೆ ಅರ್ಥ ಇದೆ ಎಂದು ಅವನಿಗೆ ಅನ್ನಿಸಬೇಕು. ಜೊತೆಗಿರುವವರು ತನ್ನವರು ಎಂದು ಅನ್ನಿಸಬೇಕು. ಇಷ್ಟೇ. ಇದರಲ್ಲಿ ದೇವರು ಬರಲೇಬೇಕು ಅಂತಿಲ್ಲ, ಬಂದರೆ ಬೇಡ ಅಂತಲೂ ಇಲ್ಲ. ಇಂಥದ್ದು ಇರುವ ಕಡೆ ನರ್ಸುಗಳು ಕಡಿಮೆ ಬಳಲುತ್ತಾರೆ, ಕೆಲಸ ಬಿಟ್ಟು ಹೋಗುವುದೂ ಕಡಿಮೆ ಎಂದು ಹೇಳುವ ಅಧ್ಯಯನಗಳು ಬೇಕಾದಷ್ಟಿವೆ. ಸೆಮಿನಾರಿನಲ್ಲಿ ಅದನ್ನೆಲ್ಲ ಓದಿ ಹೇಳಿದೆ, ಚಪ್ಪಾಳೆ ಬಂತು, ಮರೆತೆ. ಮತ್ತೆ ನೆನಪಾಗಿದ್ದು ಜಮಖಾನದ ಮೇಲೆ ಎಚ್ಚರವಾದಾಗ.

ನಮ್ಮ ವಾರ್ಡಿನ ನರ್ಸಿಂಗ್ ಸ್ಟೇಷನ್ ಹಿಂದೆ ಒಂದು ಬೋರ್ಡು ಇದೆ. "ಕಾಯಕವೇ ಕೈಲಾಸ", ಕೆಳಗೆ ಬಸವಣ್ಣನವರ ಚಿತ್ರ. ಡಬಲ್ ಡ್ಯೂಟಿ ಮಾಡಿ ಎಂದು ಹೇಳಬೇಕಾದಾಗಲೆಲ್ಲ ನಮ್ಮ ಮೇಲಿನವರ ಕಣ್ಣು ತಾನಾಗೇ ಆ ಬೋರ್ಡಿನ ಕಡೆ ಹೋಗುತ್ತದೆ. "ಸೇವೆ ಅಂದ್ರೆ ಹಾಗೇ ಅಲ್ವಾ ಸಿಸ್ಟರ್..." ಅಂತ ಶುರು ಮಾಡಿದರೆ ಅವತ್ತು ಮನೆಗೆ ಹೋಗುವುದಿಲ್ಲ ಅಂತಲೇ ಲೆಕ್ಕ.

ಬೋರ್ಡಿನ ಆ ಮಾತು ಇರುವ ವಚನ ಆಯ್ದಕ್ಕಿ ಮಾರಯ್ಯನವರದು. ಕಾಯಕದಲ್ಲಿ ತೊಡಗಿದಾಗ ಗುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಎನ್ನುತ್ತದೆ. ನನಗೆ ಇದು ಬಹಳ ಇಷ್ಟ. ಪೇಷಂಟಿಗೆ ಸಕ್ಷನ್ ಹಾಕುವಾಗ ಯಾವ ವಿಐಪಿ ಬಂದು ನಿಂತರೂ ತಿರುಗಿ ನೋಡಬೇಕಿಲ್ಲ ಅಂತ ಹನ್ನೆರಡನೇ ಶತಮಾನದಲ್ಲೇ ಹೇಳಿಟ್ಟ ಹಾಗಿದೆ. ಆದರೆ ಬೋರ್ಡು ಹಾಕಿದವರು ಮಾರಯ್ಯನವರ ಹೆಂಡತಿಯನ್ನು ಮರೆತಿದ್ದಾರೆ. ಗಂಡ ಹೆಂಡತಿ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವರು. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ತಗೊಳ್ಳಲಿಲ್ಲ. ಈಸಕ್ಕಿಯ ಆಸೆ ನಿಮಗೇಕೆ ಎಂದು ಕೇಳಿ ವಾಪಸ್ ಸುರಿದು ಬರಲು ಕಳಿಸಿದರು. ಕಾಯಕಕ್ಕೂ ಒಂದು ಅಳತೆ ಇದೆ ಅನ್ನುವುದು ಅದೇ ಮನೆಯ ಮಾತು. ಅಲ್ಲಮ ಹುಟ್ಟಿದ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ, ಇಲ್ಲಿಯ ಜನಕ್ಕೆ ವಚನ ಗೊತ್ತಿಲ್ಲದೆ ಏನಿಲ್ಲ. ಬೇಕಾದ ಅರ್ಧವನ್ನು ಮಾತ್ರ ಬೋರ್ಡಿಗೆ ಬರೆಸಿಕೊಳ್ಳುತ್ತಾರೆ, ಅಷ್ಟೇ.

ಫ್ಲಾರೆನ್ಸ್ ನೈಟಿಂಗೇಲ್ ಕತೆಯೂ ಹಾಗೇ. ಮೇಣದ ಬತ್ತಿ ಹಿಡಿಸುವಾಗ ದೀಪ ಹಿಡಿದ ದೇವತೆ ಅಂತಾರೆ. ದೈವಭಕ್ತಿ ಇತ್ತು, ನಿಜ. ಹದಿನಾರನೇ ವಯಸ್ಸಿನಲ್ಲಿ, 1837ರಲ್ಲಿ, ದೇವರ ಕರೆ ಬಂತೆಂದು ಸ್ವತಃ ಬರೆದುಕೊಂಡವರು. ಆದರೆ 1854ರ ನವೆಂಬರಿನಲ್ಲಿ 38 ಹೆಂಗಸರನ್ನು ಕರೆದುಕೊಂಡು ಟರ್ಕಿಯ ಸ್ಕುಟಾರಿಯಲ್ಲಿದ್ದ ಮಿಲಿಟರಿ ಆಸ್ಪತ್ರೆಗೆ ಹೋದಾಗ ಅವರು ಪ್ರವಚನ ಕೊಡಲಿಲ್ಲ. ಉಜ್ಜುವ ಬ್ರಷ್ಷು, ಒಗೆದ ಬಟ್ಟೆ, ಸರಿಯಾದ ಊಟ ಬೇಕು ಎಂದು ಹಟ ಹಿಡಿದರು. ಯಾರು ಯಾತಕ್ಕೆ ಸತ್ತರು ಎಂದು ಲೆಕ್ಕ ಇಟ್ಟು ಸರ್ಕಾರದ ಮುಂದೆ ಹಿಡಿದರು. ನನಗೆ ಆ ಜಗಳಗಂಟಿ ನೈಟಿಂಗೇಲೇ ಇಷ್ಟ.

ಧ್ಯಾನ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮಮ್ಮ ದಿನಾ ಬೆಳಿಗ್ಗೆ ತುಳಸಿ ಕಟ್ಟೆ ಮುಂದೆ ಐದು ನಿಮಿಷ ಸುಮ್ನೆ ನಿಂತಿರುತ್ತಾಳೆ, ಅವಳ ಬಿಪಿ ನನ್ನದಕ್ಕಿಂತ ಚೆನ್ನಾಗಿದೆ. ನನ್ನ ತಕರಾರು ಇರುವುದು ಬೇರೆ ಕಡೆ. ನಮ್ಮ ಕೆಲಸದೊಳಗೇ ಇದೆಲ್ಲ ಇದೆ. ಅದಕ್ಕೆ ಹೊತ್ತು ಕೊಡದೆ, ಇರುವ ಹೊತ್ತನ್ನೂ ಕಿತ್ತುಕೊಂಡು, ಆಮೇಲೆ ಮೇಲಿನ ಮಹಡಿಯಲ್ಲಿ ಜಮಖಾನ ಹಾಸಿ ಕೊಡುತ್ತಾರೆ.

ಕೆಲಸದೊಳಗೇ ಇದೆ ಅಂದೆನಲ್ಲ, ಒಂದು ರಾತ್ರಿಯದು ಹೇಳುತ್ತೇನೆ.

ಜುಲೈ ತಿಂಗಳು. ಕಿಟಕಿಯ ಹೊರಗೆ ಬಿಡದೆ ಹೊಯ್ಯುತ್ತಿದ್ದ ಮಳೆ. ಹೊಸನಗರ ಕಡೆಯ ಅಜ್ಜಿ ಒಬ್ಬರು, ಎಂಬತ್ತು ದಾಟಿತ್ತು, ಹನ್ನೊಂದು ದಿನದಿಂದ ನಮ್ಮಲ್ಲೇ ಇದ್ದರು. ವೆಂಟಿಲೇಟರ್ ಬೇಡ ಎಂದು ಮನೆಯವರು ಬರೆದು ಕೊಟ್ಟಿದ್ದರು. ಬೆಳಗಿನ ಜಾವ ಮೂರು ಮುಕ್ಕಾಲಿಗೆ ಹೋದರು. ಡ್ಯೂಟಿ ಡಾಕ್ಟರ್ ಬಂದು ಇಸಿಜಿ ತೆಗೆಸಿ, ನೇರ ಗೆರೆ ನೋಡಿ, ಟೈಮ್ ಬರೆದು, ಮಗನ ಹೆಗಲು ತಟ್ಟಿ, ಕ್ಯಾಶುವಾಲ್ಟಿಗೆ ಓಡಿದರು. ಇನ್ನು ಉಳಿದದ್ದು ನನ್ನದು ಮತ್ತು ಆಯಾದು. ನಮ್ಮ ಆಯಾನ ಎಲ್ಲರೂ ಅಕ್ಕ ಎನ್ನುತ್ತೇವೆ. ಐವತ್ತೈದು ವಯಸ್ಸು, ಬಲಗಾಲು ಸ್ವಲ್ಪ ಎಳೆಯುತ್ತದೆ.

ಕ್ಯಾನುಲಾ ತೆಗೆದೆ. ಕ್ಯಾತಿಟರ್ ತೆಗೆದೆ. ಅಕ್ಕ ಬೇಸಿನ್ನಿನಲ್ಲಿ ಬಿಸಿನೀರು ತಂದರು. ಬಿಸಿನೀರು, ಗಮನಿಸಿ. ತಣ್ಣೀರಿನ ನಲ್ಲಿ ಪಕ್ಕದಲ್ಲೇ ಇದೆ, ಗೀಸರ್ ಇರುವುದು ಕಾರಿಡಾರಿನ ಆ ತುದಿಯಲ್ಲಿ. ಮುಖ ಒರೆಸಿದರು, ಕೈ ಒರೆಸಿದರು, ಬೆರಳ ಸಂದಿಗಳನ್ನೂ ಒರೆಸಿದರು. ಆಮೇಲೆ ಬಗ್ಗಿ ಕಿವಿ ಹತ್ತಿರ ಹೇಳಿದರು: "ಒಂಚೂರು ಈ ಕಡೆ ತಿರುಗಿ ಅಮ್ಮಾ, ಬೆನ್ನು ಒರೆಸ್ತೀನಿ."

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೊದಲ ಸಲ ಇದನ್ನು ಕೇಳಿದಾಗ ನನಗೆ ಮೈ ಜುಂ ಎಂದಿತ್ತು. ಹೋದವರ ಹತ್ತಿರ ಎಂಥಕ್ಕೆ ಮಾತಾಡ್ತೀರಕ್ಕ ಎಂದು ಕೇಳಿದ್ದೆ. "ನಿನ್ನೆವರೆಗೂ ಹೇಳೇ ತಿರುಗಿಸ್ತಿದ್ದೆ ತಾನೇ ಮಾರಾಯ್ತಿ? ಇವತ್ತು ಹೇಳದೆ ತಿರುಗಿಸಿದ್ರೆ ಮರ್ಯಾದೆನಾ?" ಎಂದಿದ್ದರು. ಅಕ್ಕ ಓದಿದ್ದು ಮೂರನೇ ಕ್ಲಾಸು.

ಅಜ್ಜಿಯ ಮೂಗಿನಲ್ಲಿ ಕೆಂಪು ಕಲ್ಲಿನ ಮೂಗುಬೊಟ್ಟು. ಒಡವೆ ಏನಿದ್ದರೂ ಬಿಚ್ಚಿ ಮನೆಯವರ ಕೈಗೆ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಳ್ಳಬೇಕು, ಅದು ನಿಯಮ. ಎಷ್ಟು ವರ್ಷದಿಂದ ಬಿಚ್ಚಿರಲಿಲ್ಲವೋ, ತಿರುಪು ಕದಲಲಿಲ್ಲ. ಅಕ್ಕ ತಮ್ಮ ಚೀಲದಿಂದ ಕೊಬ್ಬರಿ ಎಣ್ಣೆ ಬಾಟಲಿ ತೆಗೆದು, ಹತ್ತಿಯಲ್ಲಿ ಅದ್ದಿ, ತೊಟ್ಟು ತೊಟ್ಟಾಗಿ ಬಿಟ್ಟರು. ನಾನು ಒಳಗಿನಿಂದ ಬೆರಳು ಕೊಟ್ಟು ಹಿಡಿದೆ. ಅವರು ಹೊರಗಿನಿಂದ ತಿರುಗಿಸಿದರು. "ನೋವಾಗಲ್ಲ, ಆಯ್ತು, ಆಯ್ತು" ಎನ್ನುತ್ತಿದ್ದರು. ಯಾರಿಗೆ ಹೇಳುತ್ತಿದ್ದರೋ ಗೊತ್ತಿಲ್ಲ, ನನ್ನ ಕೈಯೂ ನಡುಗುತ್ತಿತ್ತು. ಹೊರಗೆ ಬಂದಾಗ ಆ ಕಲ್ಲಿನ ಹಿಂದೆ ಮೂಗಿನ ಮೇಲೆ ಒಂದು ಬಿಳಿ ಚುಕ್ಕೆ ಉಳಿದಿತ್ತು. ಎಷ್ಟೋ ವರ್ಷ ಬಿಸಿಲು ಕಾಣದ ಚರ್ಮ. ಗದ್ದಕ್ಕೆ ಬ್ಯಾಂಡೇಜು ಸುತ್ತಿ, ಎರಡೂ ಹೆಬ್ಬೆರಳು ಸೇರಿಸಿ ಗಾಜ್ ಕಟ್ಟಿ, ಬಿಳಿ ಬಟ್ಟೆ ಹೊದಿಸಿದೆವು. ಅಕ್ಕ ಕೈ ಮುಗಿದು ನಿಂತರು. ನಾನೂ ನಿಂತೆ.

ನಿಂತೆ ಅಂದರೆ ಎಷ್ಟು ಹೊತ್ತು? ಐದು ಸೆಕೆಂಡ್ ಇರಬಹುದು. ಹನ್ನೆರಡನೇ ಬೆಡ್ಡಿನ ಇನ್ಫ್ಯೂಷನ್ ಪಂಪ್ ಕೂಗಲು ಶುರುವಾಯಿತು. ಅಷ್ಟೊತ್ತಿಗೆ ಪರದೆಯ ಆಚೆಯಿಂದ ಯಾರೋ "ಸಿಸ್ಟರ್, ಎಷ್ಟ್ ಹೊತ್ತಿಂದ ಕರೀತಿದೀವಿ, ನಿದ್ದೆ ಮಾಡ್ತಿದೀರಾ?" ಎಂದು ಕೇಳಿದರು. ಕೈಯಲ್ಲಿ ಇನ್ನೂ ಕೊಬ್ಬರಿ ಎಣ್ಣೆ. ತೊಳೆದು ಓಡಿದೆ.

ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಒಂದು ಪದ್ಧತಿ ಶುರು ಮಾಡಿದ್ದಾರೆ. ರೋಗಿ ತೀರಿಕೊಂಡ ಮೇಲೆ ಡಾಕ್ಟರು, ನರ್ಸು, ಟೆಕ್ನಿಷಿಯನ್ನು, ಅಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ಸುಮಾರು ಒಂದು ನಿಮಿಷ ಮೌನವಾಗಿ ನಿಲ್ಲುವುದು. ಯಾರ ದೇವರನ್ನು ಬೇಕಾದರೂ ನೆನೆಯಬಹುದು, ಯಾರನ್ನೂ ನೆನೆಯದೆಯೂ ಇರಬಹುದು. ಅದಕ್ಕೆ ಇಂಗ್ಲಿಷಿನಲ್ಲಿ ಪಾಝ್ (Pause), ಅಂದರೆ ತುಸು ಹೊತ್ತು ನಿಲ್ಲುವುದು, ಎನ್ನುತ್ತಾರೆ, ಬೇರೆ ಎಷ್ಟೋ ಆಸ್ಪತ್ರೆಗಳಲ್ಲೂ ಮಾಡುತ್ತಾರೆ. ಓದಿದಾಗ ನನಗೆ ಅನ್ನಿಸಿದ್ದು, ನಮ್ಮ ಅಕ್ಕ ಇದನ್ನು ಯಾವಾಗಲೋ ಶುರು ಮಾಡಿಯಾಗಿದೆ, ಅವರಿಗೆ ಒಂದು ನಿಮಿಷ ಪೂರ್ತಿ ಸಿಗಲಿಲ್ಲ ಅಷ್ಟೇ. ಆ ನಿಮಿಷ ಸಿಗಬೇಕಾದರೆ ಹನ್ನೆರಡನೇ ಬೆಡ್ಡಿನ ಪಂಪ್ ನೋಡಲು ಇನ್ನೊಬ್ಬರು ಬೇಕು. ಧ್ಯಾನಕ್ಕೆ ಬೇಕಾಗಿರುವುದು ಜಮಖಾನ ಅಲ್ಲ ಸ್ವಾಮಿ, ಇನ್ನೊಬ್ಬ ಸಿಸ್ಟರ್.

ಲೆಕ್ಕ ಹೇಳಿಬಿಡುತ್ತೇನೆ. ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್, ಜನರಲ್ ವಾರ್ಡಿನಲ್ಲಿ ಐದಾರು ರೋಗಿಗೆ ಒಬ್ಬ ನರ್ಸ್ ಅನ್ನುವುದು ನಮ್ಮ ದೇಶದಲ್ಲೇ ಹೇಳಿರುವ ಮಾನದಂಡ. ನಮ್ಮಲ್ಲಿ ನೈಟಿಗೆ 24 ಬೆಡ್ಡಿಗೆ ಇಬ್ಬರು, ಒಬ್ಬರು ರಜೆ ಹಾಕಿದರೆ ಒಬ್ಬರು. ಸಂಬಳದ ಕತೆ ಇನ್ನೊಂದು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಮಾಡಿದ್ದ ಸಮಿತಿ 2016ರಲ್ಲಿ ಶಿಫಾರಸು ಕೊಟ್ಟಿತು, 50 ಬೆಡ್ಡಿಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು ಅಂತ. ನಮ್ಮಲ್ಲಿ ಹೊಸದಾಗಿ ಸೇರುವ ಹುಡುಗಿಯರನ್ನು ಕೇಳಿ ನೋಡಿ, ನಗುತ್ತಾರೆ. ರಾತ್ರಿ ಪಾಳಿಯೂ ಸುಮ್ನೆ ನಿದ್ದೆ ಕೆಡುವ ವಿಷಯ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ಅದನ್ನು ಕ್ಯಾನ್ಸರಿಗೆ ಕಾರಣ ಆಗುವ ಸಂಭವ ಇರುವುದರ ಪಟ್ಟಿಗೆ ಸೇರಿಸಿ, 2019ರಲ್ಲಿ ಮತ್ತೆ ಪರಿಶೀಲಿಸಿ ಹಾಗೇ ಉಳಿಸಿದೆ. ತಿಂಗಳಿಗೆ ಹತ್ತು ನೈಟ್ ಮಾಡುವ ಹೆಂಗಸಿಗೆ ಪಾಸಿಟಿವ್ ಆಗಿ ಯೋಚನೆ ಮಾಡಿ ಎಂದು ಹೇಳುವ ಮುಂಚೆ ಇದನ್ನೊಂದು ಸಲ ಓದಬೇಕು.

ಅದೇ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಅಂದರೇನು ಎಂದು ವಿವರಿಸಿತು. ಅದನ್ನು ಕಾಯಿಲೆ ಅನ್ನಲಿಲ್ಲ, ಕೆಲಸದಿಂದ ಹುಟ್ಟುವ ಸ್ಥಿತಿ ಅಂದಿತು. ಅಂದರೆ ತಪ್ಪು ನಮ್ಮ ನರದಲ್ಲಿಲ್ಲ, ಕೆಲಸ ಇರುವ ರೀತಿಯಲ್ಲಿದೆ. ಅದರ ಮೂರು ಲಕ್ಷಣ ಹೇಳಿದ್ದಾರೆ. ಸುಸ್ತು. ಕೆಲಸದಿಂದ ಮನಸ್ಸು ದೂರ ಸರಿಯುವುದು. ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಮೊದಲನೆಯದು ಎಲ್ಲರಿಗೂ ಕಾಣುತ್ತದೆ. ಎರಡನೆಯದು ನನಗೆ ಬಂದಿದೆ ಎಂದು ನನಗೇ ಗೊತ್ತಾಗಿರಲಿಲ್ಲ.

ಗೊತ್ತಾಗಿದ್ದು ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿಂದ.

ಕೆಲವು ವರ್ಷದ ಹಿಂದೆ, ಬೇಸಿಗೆಯಲ್ಲಿ, ಸಾಗರದ ಕಡೆಯ ಒಬ್ಬರು ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಹಳೇ ಹಾರ್ಲಿಕ್ಸ್ ಬಾಟಲಿ, ಅದರ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ದಾರ ಸುತ್ತಿದ್ದರು. "ಗುರ್ತ ಸಿಕ್ತಾ ಸಿಸ್ಟರ್?" ಎಂದರು. ಸಿಕ್ಕಿತು ಎಂದೆ. ಸುಳ್ಳು. ಅವರು ನಿಂತಲ್ಲೇ ಎಲ್ಲ ಹೇಳಿದರು. ಮಂಗನ ಕಾಯಿಲೆಯಾಗಿ ಎಂಟು ದಿನ ನಮ್ಮಲ್ಲಿದ್ದರಂತೆ. ರಾತ್ರಿ ತಲೆನೋವು ತಡೆಯಲಾಗದೆ ಕೂಗಾಡಿದಾಗ ನಾನು ಹಣೆಗೆ ಒದ್ದೆ ಬಟ್ಟೆ ಹಾಕಿ, ಬದಲಿಸಿ ಬದಲಿಸಿ ಹಾಕಿ, ತೋಟದಲ್ಲಿ ಎಷ್ಟು ಅಡಿಕೆ ಮರ ಇದೆ ಎಂದು ಕೇಳಿದೆನಂತೆ. ಅವರು ಎಣಿಸಿ ಹೇಳುತ್ತಾ ಹೇಳುತ್ತಾ ನಿದ್ದೆ ಹೋದರಂತೆ. ಹಲ್ಲಿನ ವಸಡಿನಲ್ಲಿ ರಕ್ತ ಕಂಡು ನಾನೇ ಮೊದಲು ಡಾಕ್ಟರಿಗೆ ಫೋನು ಮಾಡಿದೆನಂತೆ. ಅವರಿಗೆ ನನ್ನ ಬಳೆಯ ಬಣ್ಣ ಸಹ ನೆನಪಿತ್ತು.

ನನಗೆ ಒಂದೂ ನೆನಪಿಲ್ಲ. ಅವರು ಹೋದ ಮೇಲೆ ಚೇಚಿ "ಒಂಬತ್ತನೇ ಬೆಡ್ ಅಲ್ವಾ ಅದು?" ಎಂದರು. ಥಟ್ಟನೆ ನೆನಪಾಯಿತು. ಬೆಡ್ ನಂಬರ್ 9, ಪ್ಲೇಟ್ಲೆಟ್ ಎಷ್ಟಿತ್ತು, ಯಾವ ಕೈಗೆ ಡ್ರಿಪ್ ಹಾಕಿದ್ದೆ, ಎಲ್ಲ. ಮುಖ ಮಾತ್ರ ಇಲ್ಲ.

ಇದು ನನಗೆ ತುಂಬ ಚುಚ್ಚಿತು, ಯಾಕೆ ಅಂದರೆ ಮಂಗನ ಕಾಯಿಲೆ ನಮ್ಮದೇ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದರಿಂದ ಪ್ರಪಂಚದ ಪುಸ್ತಕದಲ್ಲೆಲ್ಲ ಆ ಊರಿನ ಹೆಸರೇ ಇದೆ. ಕಾಡಿಗೆ ಸೌದೆಗೋ ತರಗೆಲೆಗೋ ಹೋದವರಿಗೆ ಉಣುಗು ಕಚ್ಚಿ ಬರುತ್ತದೆ. ನಮ್ಮ ಕಡೆ ಮಳೆ ನಿಂತು ಚಳಿ ಶುರುವಾದರೆ ಮಂಗ ಸತ್ತು ಬಿದ್ದಿದೆಯಾ ಎಂದು ಜನ ಕೇಳಿಕೊಳ್ಳುತ್ತಾರೆ. 2019ರಲ್ಲಿ ಸಾಗರದ ಅರಳಗೋಡು ಸುತ್ತ ಎಷ್ಟು ಮನೆಯಲ್ಲಿ ಸಾವಾಯಿತು ಎಂಬುದು ಇಲ್ಲಿಯವರಿಗೆ ಹೇಳಬೇಕಿಲ್ಲ. ಆ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ನೀರಿನ ಅಂಶ ನೋಡುವುದು, ಬಿಪಿ ನೋಡುವುದು, ಎಲ್ಲಾದರೂ ರಕ್ತ ಬರುತ್ತಿದೆಯಾ ನೋಡುವುದು, ಜ್ವರ ಇಳಿಸುವುದು, ಮತ್ತೆ ನೋಡುವುದು. ಅಂದರೆ ಆ ಕಾಯಿಲೆಗೆ ಮುಕ್ಕಾಲು ಪಾಲು ಚಿಕಿತ್ಸೆ ನರ್ಸಿಂಗೇ. ಕೆಲಸಕ್ಕೆ ಅರ್ಥ ಬೇಕು ಎಂದು ಆ ಪ್ರಶ್ನಾವಳಿಯವರು ಹೇಳುತ್ತಾರಲ್ಲ, ಇದಕ್ಕಿಂತ ದೊಡ್ಡ ಅರ್ಥ ಎಲ್ಲಿದೆ? ಅದು ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ಬೆಡ್ ನಂಬರ್ ಮಾಡಿಕೊಂಡಿದ್ದೆ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಹ್ಯಾಂಡ್‌ಓವರ್ ಕೊಡುವಾಗ ನಂಬರಿನ ಜೊತೆ ಒಂದು ಮಾತು ಸೇರಿಸಿ ಹೇಳುತ್ತೇನೆ. "ಬೆಡ್ 4, ಭದ್ರಾವತಿಯವರು, ಕಾಫಿಗೆ ಸಕ್ಕರೆ ಇಲ್ಲ ಎಂದರೆ ಕೋಪ." "ಬೆಡ್ 15, ಮೇಷ್ಟ್ರು, ರಾತ್ರಿ ಹೆಂಡತಿ ಹೆಸರು ಕರೀತಾರೆ, ಅವರು ಹೋಗಿ ಎರಡು ವರ್ಷ ಆಯ್ತು, ಹೌದು ಅಂತ ಸುಮ್ನೆ ಕೈ ಹಿಡೀರಿ ಸಾಕು." ಮೊದಲು ಎಲ್ಲರೂ ನಕ್ಕರು. ಈಗ ಕೆಲವರು ಮಾಡುತ್ತಾರೆ, ಕೆಲವರಿಗೆ ಟೈಮ್ ಇಲ್ಲ. ಟೈಮ್ ಇಲ್ಲದವರನ್ನು ನಾನು ದೂರುವುದಿಲ್ಲ. ಐದು ನಿಮಿಷದಲ್ಲಿ 24 ಬೆಡ್ ಹ್ಯಾಂಡ್‌ಓವರ್ ಕೊಡಬೇಕಾದ ದಿನ ನಾನೂ ನಂಬರಷ್ಟೇ ಹೇಳಿ ಓಡುತ್ತೇನೆ.

ಜೊತೆಯವರು ತನ್ನವರು ಅನ್ನಿಸಬೇಕು ಅನ್ನುವ ಮೂರನೆಯದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಅದು ನಮ್ಮಲ್ಲಿ ಇದೆ, ಯಾರೂ ತಂದುಕೊಟ್ಟಿದ್ದಲ್ಲ. ರಾತ್ರಿ ಎರಡು ಗಂಟೆಗೆ ಡಬ್ಬಿ ಬಿಚ್ಚುತ್ತೇವೆ. ಮಳೆಗಾಲದಲ್ಲಿ ನಮ್ಮಮ್ಮ ಕಳಿಸಿದ ಕಳಲೆ ಪಲ್ಯ, ಚೇಚಿಯ ಮೀನು, ಅಕ್ಕನ ರಾಗಿ ರೊಟ್ಟಿ. ಒಬ್ಬರು ತಿನ್ನುವಾಗ ಇನ್ನೊಬ್ಬರು ಬೆಲ್ಲು ನೋಡುತ್ತಾರೆ, ಹಾಗಾಗಿ ಯಾರೂ ಯಾರ ಜೊತೆಗೂ ಕೂತು ಉಣ್ಣುವುದಿಲ್ಲ, ಆದರೆ ಎಲ್ಲರ ಡಬ್ಬಿಯಲ್ಲೂ ಎಲ್ಲರದ್ದೂ ಒಂದೊಂದು ತುತ್ತು ಉಳಿದಿರುತ್ತದೆ. ರಂಜಾನಿನಲ್ಲಿ ಸಂಜೆ ನಮ್ಮ ಹುಡುಗಿಯ ಉಪವಾಸ ಬಿಡಿಸಲು ಖರ್ಜೂರ ತಂದಿಡುವುದು ಚೇಚಿ. ಚೇಚಿಯ ಕ್ರಿಸ್‌ಮಸ್ ಡ್ಯೂಟಿಯನ್ನು ಆ ಹುಡುಗಿ ಬದಲಾಯಿಸಿಕೊಳ್ಳುತ್ತಾಳೆ. ನನ್ನ ಗೌರಿ ಹಬ್ಬಕ್ಕೆ ಇಬ್ಬರಲ್ಲಿ ಯಾರಾದರೂ. ಇದನ್ನು ಯಾರೂ ಪಾಠ ಮಾಡಿದ್ದಲ್ಲ. ರೋಟಾ ಹಾಕುವವರು ನಡುವೆ ಬಾರದಿದ್ದರೆ ಸಾಕು.

ಈ ವರ್ಷ ಮೇ ಹತ್ತಿರ ಬಂದಾಗ ಮತ್ತೆ ಧ್ಯಾನದ ನೋಟಿಸು ಬಂತು. ಈ ಸಲ ನಾವು ಏಳು ಜನ ಸೇರಿ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂಗೆ ಒಂದು ಪತ್ರ ಬರೆದೆವು. ಜಗಳ ಏನಿಲ್ಲ, ಮರ್ಯಾದೆಯಾಗೇ ಬರೆದೆವು. ಕ್ಲಾಸನ್ನು ನೈಟ್ ಡ್ಯೂಟಿ ಮುಗಿದ ಮೇಲೆ ಇಡಬೇಡಿ. ನಮ್ಮ ಮಹಡಿಗೆ ರಾತ್ರಿ ಇನ್ನೊಬ್ಬ ಸಿಸ್ಟರನ್ನು ಹಾಕಿಕೊಡಿ. ಲಿನನ್ ರೂಮಿಗೆ ಒಳಗಿನಿಂದ ಒಂದು ಚಿಲಕ ಹಾಕಿಸಿಕೊಡಿ. ಮೂರನೆಯದು ಅಕ್ಕ ಹೇಳಿ ಸೇರಿಸಿದ್ದು. ಮೇಡಂ ಕನ್ನಡಕ ತೆಗೆದು ಓದಿದರು. ಅವರೂ ಒಂದು ಕಾಲದಲ್ಲಿ ವಾರ್ಡಿನಲ್ಲಿದ್ದವರೇ, ಲಿನನ್ ರೂಮಿನ ಸಾಲು ಓದುವಾಗ ಒಂದು ಕ್ಷಣ ನಿಂತರು. "ನೋಡೋಣ" ಎಂದರು.

ಕ್ಲಾಸು ಮಧ್ಯಾಹ್ನಕ್ಕೆ ಬದಲಾಯಿತು. ಚಿಲಕ ಮೂರನೇ ದಿನಕ್ಕೆ ಬಂತು, ಹಿತ್ತಾಳೆಯದು, ಪರವಾಗಿಲ್ಲ, ಗಟ್ಟಿಯಾಗಿದೆ. ಸಿಸ್ಟರ್ ಇನ್ನೂ ಬಂದಿಲ್ಲ.